ಎರಡು ನಿಮಿಷದ ಹಾರ್ಮೋನು

1902ರ ಜನವರಿ 16. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅರಿವಳಿಕೆ ಕೊಟ್ಟು ಮಲಗಿಸಿದ ನಾಯಿಯೊಂದರ ಹೊಟ್ಟೆ ತೆರೆದು, ಸಣ್ಣ ಕರುಳಿನ ಒಂದು ತುಂಡಿನ ಎರಡೂ ತುದಿಗಳನ್ನು ದಾರದಿಂದ ಬಿಗಿದರು. ಆ ತುಂಡಿಗೆ ಬರುವ ನರಗಳನ್ನು ಬಿಡಿಸಿ ಕತ್ತರಿಸಿದರು. ರಕ್ತನಾಳಗಳನ್ನು ಮಾತ್ರ ಮುಟ್ಟಲಿಲ್ಲ. ಈಗ ಆ ತುಂಡಿಗೂ ದೇಹದ ಉಳಿದ ಭಾಗಕ್ಕೂ ಇದ್ದದ್ದು ರಕ್ತದ ಸಂಬಂಧ ಒಂದೇ. ಅದರೊಳಗೆ ಸ್ವಲ್ಪ ಆಮ್ಲ ಹಾಕಿದರು. ಮೇದೋಜೀರಕ ಗ್ರಂಥಿ ಏನೂ ಆಗಿಲ್ಲವೆಂಬಂತೆ ಎಂದಿನ ಹಾಗೆ ಜೀರ್ಣರಸ ಸುರಿಸತೊಡಗಿತು.

ಆ ಕಾಲದಲ್ಲಿ ಪಚನಕ್ರಿಯೆಯ ಕೊನೆಯ ಮಾತು ಎಂದರೆ ಸೇಂಟ್ ಪೀಟರ್ಸ್‌ಬರ್ಗಿನ ಇವಾನ್ ಪಾವ್ಲೋವ್ ಅವರದು. ಕರುಳು ಮೇದೋಜೀರಕಕ್ಕೆ ಸುದ್ದಿ ಮುಟ್ಟಿಸುವುದು ನರಗಳ ಮೂಲಕ ಎಂಬುದು ಅವರ ಸಿದ್ಧಾಂತ. ಇಲ್ಲಿ ನರವೇ ಇಲ್ಲ, ಆದರೂ ಸುದ್ದಿ ಮುಟ್ಟಿದೆ. ಸ್ಟಾರ್ಲಿಂಗ್ ತಡಮಾಡಲಿಲ್ಲ. ಕರುಳಿನ ಒಳಪದರವನ್ನು ಕೆರೆದು ತೆಗೆದು, ಮರಳು ಮತ್ತು ಆಮ್ಲದ ಜೊತೆ ಅರೆದು, ಸೋಸಿ, ಆ ರಸವನ್ನು ನಾಯಿಯ ಕತ್ತಿನ ರಕ್ತನಾಳಕ್ಕೆ ಚುಚ್ಚಿದರು. ಕೆಲವೇ ಕ್ಷಣಗಳಲ್ಲಿ ಮೇದೋಜೀರಕದಿಂದ ಮೊದಲಿಗಿಂತ ಹೆಚ್ಚು ರಸ ಹರಿಯಿತು. ಕರುಳಿನ ಗೋಡೆಯಿಂದ ಯಾವುದೋ ರಾಸಾಯನಿಕ ರಕ್ತಕ್ಕಿಳಿದು, ಅಷ್ಟು ದೂರ ಹೋಗಿ, ಇನ್ನೊಂದು ಅಂಗಕ್ಕೆ ಕೆಲಸ ಹಚ್ಚಿತ್ತು. ಅದಕ್ಕೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಇಂಥ ರಾಸಾಯನಿಕಗಳಿಗೆಲ್ಲ ಸ್ಟಾರ್ಲಿಂಗ್ 1905ರಲ್ಲಿ ಹಾರ್ಮೋನು ಎಂಬ ಪದ ಬಳಸಿದರು.

ಇದೇ ಬೇಲಿಸ್ 1903ರಲ್ಲಿ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು. ಕಂದು ನಾಯಿಯೊಂದನ್ನು ಸರಿಯಾಗಿ ಅರಿವಳಿಕೆ ಕೊಡದೆ ವಿದ್ಯಾರ್ಥಿಗಳ ಮುಂದೆ ಕೊಯ್ದರು ಎಂಬ ಸಾರ್ವಜನಿಕ ಆರೋಪದ ವಿರುದ್ಧ ಅವರು ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. 2,000 ಪೌಂಡ್ ಪರಿಹಾರ ಸಿಕ್ಕಿತು, ಅದನ್ನು ಕಾಲೇಜಿಗೇ ಕೊಟ್ಟರು. ಆ ನಾಯಿಗೆ 1906ರಲ್ಲಿ ಬ್ಯಾಟರ್ಸೀಯಲ್ಲಿ ಪ್ರತಿಮೆ ನಿಂತಿತು, ಪ್ರತಿಮೆಯ ವಿರುದ್ಧ ವೈದ್ಯಕೀಯ ವಿದ್ಯಾರ್ಥಿಗಳು ಬೀದಿ ಜಗಳ ಆಡಿದರು. ಹಾರ್ಮೋನಿನ ಚರಿತ್ರೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಮುಂದೆ ಕೋಟ್ಯಂತರ ಜನರ ಹೊಟ್ಟೆಗೆ ಮುಟ್ಟಿದ ಈ ಅರಿವಿಗೆ ಮೊದಲ ಬೆಲೆ ತೆತ್ತದ್ದು ಪ್ರಾಣಿಗಳು ಎಂಬುದನ್ನಾದರೂ ಹೇಳಿ ಮುಂದೆ ಹೋಗುವುದು ನ್ಯಾಯ.

ಕರುಳು ಜೀರ್ಣರಸಕ್ಕೆ ಆಜ್ಞೆ ಕೊಡುವುದಾದರೆ ಸಕ್ಕರೆಯ ವಿಷಯದಲ್ಲೂ ಏಕೆ ಕೊಡಬಾರದು? ಈ ಪ್ರಶ್ನೆ ಬೇಗನೇ ಎದ್ದಿತು. 1906ರಲ್ಲಿ ಲಿವರ್‌ಪೂಲಿನ ಬೆಂಜಮಿನ್ ಮೂರ್ ಮತ್ತು ಸಂಗಡಿಗರು ಕರುಳಿನ ಒಳಪದರದಿಂದ ತೆಗೆದ ಸಾರವನ್ನು ಮಧುಮೇಹಿಗಳಿಗೆ ಕುಡಿಸಿ ನೋಡಿದರು. ನೆಚ್ಚಿಕೊಳ್ಳುವಂಥ ಫಲ ಸಿಗಲಿಲ್ಲ. ಇಂಥ ಹಾರ್ಮೋನುಗಳು ಸಣ್ಣ ಪ್ರೋಟೀನುಗಳು. ಬಾಯಿಂದ ಕೊಟ್ಟರೆ ಬೇಳೆಯ ಪ್ರೋಟೀನಿನ ಗತಿಯೇ ಅವಕ್ಕೂ, ಜೀರ್ಣವಾಗಿ ಹೋಗುತ್ತವೆ. ಯೋಚನೆ ಸರಿಯಿತ್ತು, ದಾರಿ ತಪ್ಪಿತ್ತು.

ಅಷ್ಟರಲ್ಲಿ ಟೊರಾಂಟೊ ಎಲ್ಲರ ಕಣ್ಣು ಸೆಳೆಯಿತು. 1921ರ ಬೇಸಿಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಯ ಮೇದೋಜೀರಕದಿಂದ ಇನ್ಸುಲಿನ್ ಇರುವ ಸಾರ ತೆಗೆದರು. 1922ರ ಜನವರಿಯಲ್ಲಿ, ಜೇಮ್ಸ್ ಕಾಲಿಪ್ ಶುದ್ಧಗೊಳಿಸಿದ ಸಾರದಿಂದ, 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗ ಸಾವಿನ ದವಡೆಯಿಂದ ಹೊರಬಂದ. ಮರುವರ್ಷವೇ ನೊಬೆಲ್. ಇಷ್ಟಾದ ಮೇಲೆ ಕರುಳಿನ ಮಾತು ಯಾರಿಗೆ ಬೇಕಿತ್ತು? ಬೆಲ್ಜಿಯಂನ ಜೀನ್ ಲಾ ಬಾರ್ 1932ರಲ್ಲಿ ಸಕ್ಕರೆ ಇಳಿಸುವ ಕರುಳಿನ ಅಂಶಕ್ಕೆ ಇನ್‌ಕ್ರೆಟಿನ್ ಎಂದು ಹೆಸರು ಕೊಟ್ಟರು. 1940ರ ಹೊತ್ತಿಗೆ ಅಮೆರಿಕದ ಆಂಡ್ರ್ಯೂ ಐವಿಯವರ ತಂಡ ಅಂಥದ್ದೊಂದು ಇರುವುದೇ ಅನುಮಾನ ಎಂದು ಬರೆಯಿತು. ಮುಂದೆ ಇಪ್ಪತ್ತು ವರ್ಷ ಆ ಕಡೆ ಹೆಚ್ಚು ಜನ ತಲೆ ಹಾಕಲಿಲ್ಲ.

ಟೊರಾಂಟೊದ ಕತೆಯ ಒಂದು ಎಳೆ ಡೆನ್ಮಾರ್ಕಿಗೆ ಹೋಗುತ್ತದೆ. ಕೋಪನ್‌ಹೇಗನ್ನಿನ ಶರೀರಕ್ರಿಯಾ ವಿಜ್ಞಾನಿ ಆಗಸ್ಟ್ ಕ್ರೋಗ್ 1922ರಲ್ಲಿ ಅಮೆರಿಕಕ್ಕೆ ಭಾಷಣಕ್ಕೆ ಹೋದಾಗ ಪತ್ನಿ ಮೇರಿಯೂ ಜೊತೆಗಿದ್ದರು. ಆಕೆ ವೈದ್ಯೆ, ಸ್ವತಃ ಮಧುಮೇಹಿ. ಟೊರಾಂಟೊಗೆ ಹೋಗಿಬರಲೇಬೇಕೆಂದು ಗಂಡನನ್ನು ಒಪ್ಪಿಸಿದವರು ಅವರೇ. ಸ್ಕಾಂಡಿನೇವಿಯಾದಲ್ಲಿ ಇನ್ಸುಲಿನ್ ತಯಾರಿಸುವ ಅನುಮತಿ ಹಿಡಿದು ಕ್ರೋಗ್ ಊರಿಗೆ ಮರಳಿದರು. 1923ರಲ್ಲಿ ನಾರ್ಡಿಸ್ಕ್ ಇನ್ಸುಲಿನ್ ಪ್ರಯೋಗಾಲಯ ಶುರುವಾಯಿತು. ಅಲ್ಲಿಂದ ಹೊರಬಿದ್ದ ಪೆಡರ್‌ಸನ್ ಸಹೋದರರು 1925ರಲ್ಲಿ ನೋವೊ ಎಂಬ ಎದುರಾಳಿ ಕಂಪನಿ ಕಟ್ಟಿದರು. ಆರು ದಶಕ ಜಿದ್ದಿಗೆ ಬಿದ್ದ ಈ ಎರಡು ಕಂಪನಿಗಳು 1989ರಲ್ಲಿ ಒಂದಾಗಿ ನೋವೊ ನಾರ್ಡಿಸ್ಕ್ ಆದವು. ಈ ಹೆಸರು ಮುಂದೆ ಬರುತ್ತದೆ.

ಕರುಳಿನ ಮಾತು ಮತ್ತೆ ಕೇಳಿಸಬೇಕಾದರೆ ರಕ್ತದಲ್ಲಿನ ಹಾರ್ಮೋನನ್ನು ಅಳೆಯುವುದು ಗೊತ್ತಿರಬೇಕು. ಅದನ್ನು ಕಲಿಸಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಮಾಜಿ ಸೈನಿಕರ ಆಸ್ಪತ್ರೆ. ಅಲ್ಲಿ ಭೌತವಿಜ್ಞಾನಿ ರೊಸಾಲಿನ್ ಯಾಲೋ ಮತ್ತು ವೈದ್ಯ ಸಾಲೊಮನ್ ಬರ್ಸನ್ ವಿಕಿರಣಶೀಲ ಗುರುತು ಹಚ್ಚಿ ಇನ್ಸುಲಿನ್ ಅಳೆಯುವ ವಿಧಾನವನ್ನು 1960ರ ಹೊತ್ತಿಗೆ ಸಿದ್ಧಗೊಳಿಸಿದರು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ ಆಗ ಬದುಕಿರಲಿಲ್ಲ. ಈ ಅಳತೆ ಕೈಗೆ ಬಂದದ್ದೇ ತಡ, 1964ರಲ್ಲಿ ಎರಡು ತಂಡಗಳು ಒಂದು ಸರಳ ಪ್ರಯೋಗ ಮಾಡಿದವು. ಗ್ಲುಕೋಸನ್ನು ಒಮ್ಮೆ ನೀರಿನಲ್ಲಿ ಕುಡಿಸಿದರು, ಇನ್ನೊಮ್ಮೆ ನೇರ ರಕ್ತನಾಳಕ್ಕೆ ಕೊಟ್ಟರು. ಕುಡಿದಾಗ ಇನ್ಸುಲಿನ್ ಎಷ್ಟೋ ಹೆಚ್ಚು ಏರಿತು. ಬಾಯಿಂದ ಹೋದ ಸಕ್ಕರೆ ರಕ್ತಕ್ಕೆ ಸೇರುವ ದಾರಿಯಲ್ಲೇ ಕರುಳು ಮೇದೋಜೀರಕಕ್ಕೆ ಮುನ್ಸೂಚನೆ ಕೊಡುತ್ತಿತ್ತು. ಐವಿ ಅನುಮಾನಿಸಿದ್ದ ವಸ್ತು ಇದ್ದೇ ಇತ್ತು. 1970ರ ದಶಕದಲ್ಲಿ ಜಿಐಪಿ ಎಂಬ ಮೊದಲ ಇನ್‌ಕ್ರೆಟಿನ್ ಕೈಗೆ ಸಿಕ್ಕಿತು, ಆದರೆ ಮಧುಮೇಹಿಗಳಲ್ಲಿ ಅದು ಹೇಳಿಕೊಳ್ಳುವಂಥ ಕೆಲಸ ಮಾಡಲಿಲ್ಲ. ಇನ್ನೊಂದು ಇರಲೇಬೇಕಿತ್ತು.

ಅದು ಸಿಕ್ಕಿದ್ದು ಒಂದು ಕುರೂಪಿ ಮೀನಿನಲ್ಲಿ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಜೋಯೆಲ್ ಹ್ಯಾಬೆನರ್ ಗ್ಲುಕಗಾನ್ ಎಂಬ ಹಾರ್ಮೋನಿನ ವಂಶವಾಹಿ ಹುಡುಕುತ್ತಿದ್ದರು. ಗ್ಲುಕಗಾನ್ ಇನ್ಸುಲಿನ್ನಿಗೆ ವಿರೋಧಿ, ರಕ್ತದ ಸಕ್ಕರೆ ಏರಿಸುವಂಥದು. ಆಂಗ್ಲರ್ ಮೀನಿನಲ್ಲಿ ಹಾರ್ಮೋನು ತಯಾರಿಸುವ ಕೋಶಗಳು ನಮ್ಮಲ್ಲಿರುವಂತೆ ಮೇದೋಜೀರಕದ ತುಂಬ ಚದುರಿಲ್ಲ, ಪುಟ್ಟ ಗಂಟಾಗಿ ಪ್ರತ್ಯೇಕ ಇರುತ್ತವೆ. ಕೆಲಸ ಸುಲಭ. 1982ರಲ್ಲಿ ತಂಡ ಆ ವಂಶವಾಹಿಯನ್ನು ಓದಿದಾಗ ಗ್ಲುಕಗಾನ್ ಜೊತೆಗೆ ಅದನ್ನೇ ಹೋಲುವ ಇನ್ನೊಂದು ತುಂಡೂ ಅದೇ ದೊಡ್ಡ ಪ್ರೋಟೀನಿನಲ್ಲಿ ಅಡಗಿರುವುದು ಕಂಡಿತು. ಮರುವರ್ಷ ಗ್ರೇಮ್ ಬೆಲ್ ಅವರ ತಂಡ ಹ್ಯಾಮ್‌ಸ್ಟರ್ ಮತ್ತು ಮನುಷ್ಯರ ವಂಶವಾಹಿ ಓದಿ, ಸಸ್ತನಿಗಳಲ್ಲಿ ಅಂಥ ತುಂಡು ಎರಡಿವೆ ಎಂದಿತು. ಅವು ಜಿಎಲ್‌ಪಿ-1 ಮತ್ತು ಜಿಎಲ್‌ಪಿ-2.

ವಂಶವಾಹಿ ಓದಿದರೆ ಒಂದು ತುಂಡು ಇದೆಯೆಂದು ಗೊತ್ತಾಗುತ್ತದೆ, ಅದು ದೇಹದಲ್ಲಿ ನಿಜವಾಗಿ ಯಾವ ಉದ್ದದಲ್ಲಿ ಓಡಾಡುತ್ತದೆ, ಏನು ಮಾಡುತ್ತದೆ ಎಂಬುದು ಗೊತ್ತಾಗುವುದಿಲ್ಲ. ಕಾಗದದ ಮೇಲೆ ಜಿಎಲ್‌ಪಿ-1 ಎಂದರೆ 37 ಅಮೈನೊ ಆಮ್ಲಗಳ ಸರಪಳಿ. ಅದನ್ನು ಹಾಗೆಯೇ ತಯಾರಿಸಿ ಪರೀಕ್ಷಿಸಿದರೆ ಇನ್ಸುಲಿನ್ ಮೇಲೆ ಗಮನಾರ್ಹ ಪರಿಣಾಮವಿಲ್ಲ. ಇಲ್ಲಿ ಬರುತ್ತಾರೆ ಸ್ವೆಟ್ಲಾನಾ ಮೊಯ್ಸೊವ್. ಅಂದಿನ ಯುಗೊಸ್ಲಾವಿಯದ ಸ್ಕೋಪ್ಯೆಯಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ, ಪೆಪ್ಟೈಡುಗಳನ್ನು, ಅಂದರೆ ಅಮೈನೊ ಆಮ್ಲಗಳ ಸರಪಳಿಗಳನ್ನು, ಪ್ರಯೋಗಾಲಯದಲ್ಲಿ ಮಣಿ ಪೋಣಿಸಿದಂತೆ ಕಟ್ಟುವ ವಿಧಾನ ಕಂಡುಹಿಡಿದ ಬ್ರೂಸ್ ಮೆರಿಫೀಲ್ಡ್ ಅವರ ಕೈಕೆಳಗೆ ಪಳಗಿದವರು. 1980ರ ದಶಕದ ಮೊದಲ ಭಾಗದಲ್ಲಿ ಬಾಸ್ಟನ್ನಿನ ಅದೇ ಆಸ್ಪತ್ರೆಯಲ್ಲಿ ಪೆಪ್ಟೈಡ್ ತಯಾರಿಸುವ ವಿಭಾಗದ ಹೊಣೆ ಅವರದಾಗಿತ್ತು. ಇತರ ಹಾರ್ಮೋನುಗಳ ಸಾಲಿನ ಪಕ್ಕದಲ್ಲಿ ಜಿಎಲ್‌ಪಿ-1ರ ಸಾಲು ಇಟ್ಟು ನೋಡಿದ ಮೊಯ್ಸೊವ್, ಮೊದಲ ಆರು ಅಮೈನೊ ಆಮ್ಲಗಳನ್ನು ಕಡಿದುಹಾಕಿದ, 7ರಿಂದ 37ರವರೆಗಿನ ತುಂಡೇ ಅಸಲಿ ಹಾರ್ಮೋನು ಇರಬೇಕೆಂದು ಊಹಿಸಿದರು. ಅದನ್ನು ತಾವೇ ಕಟ್ಟಿದರು. ಅದನ್ನು ಗುರುತಿಸುವ ಪ್ರತಿಕಾಯಗಳನ್ನು ಬೆಳೆಸಿದರು. ಇಲಿಯ ಕರುಳಿನಲ್ಲಿ ಆ ತುಂಡು ನಿಜಕ್ಕೂ ಇದೆಯೆಂದು ತೋರಿಸಿದರು. ಆಮೇಲೆ ಸಂಶೋಧಕ ಗಾರ್ಡನ್ ವೀರ್ ಜೊತೆ ಸೇರಿ, ದೇಹದಿಂದ ಹೊರತೆಗೆದು ಜೀವಂತ ಇಟ್ಟ ಇಲಿಯ ಮೇದೋಜೀರಕಕ್ಕೆ ಅದನ್ನು ಹರಿಸಿದಾಗ, ಅತ್ಯಲ್ಪ ಪ್ರಮಾಣಕ್ಕೇ ಇನ್ಸುಲಿನ್ ಚಿಮ್ಮಿತು. ಈ ಪ್ರಬಂಧ ಪ್ರಕಟವಾದದ್ದು 1987ರಲ್ಲಿ. ಅದೇ ಹ್ಯಾಬೆನರ್ ಪ್ರಯೋಗಾಲಯದಲ್ಲಿದ್ದ ಡೇನಿಯಲ್ ಡ್ರಕರ್, ಇನ್ಸುಲಿನ್ ತಯಾರಿಸುವ ಕೋಶಗಳಲ್ಲಿ ಅದರ ಕೆಲಸವನ್ನು ಅದೇ ವರ್ಷ ತೋರಿಸಿದರು.

ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಯುಲ್ ಹೋಲ್ಸ್ಟ್ ಬೇರೆಯೇ ದಾರಿಯಲ್ಲಿ ಅಲ್ಲಿಗೇ ಬಂದು ನಿಂತಿದ್ದರು. ಹುಣ್ಣಿಗಾಗಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರಿಗೆ ಊಟವಾದ ಮೇಲೆ ಸಕ್ಕರೆ ಏಕಾಏಕಿ ಇಳಿದು ತಲೆ ತಿರುಗುತ್ತಿತ್ತು. ಆಹಾರ ಸರ್ರನೆ ಕರುಳಿಗೆ ಜಾರಿದಾಗ ಯಾವ ಹಾರ್ಮೋನು ಇನ್ಸುಲಿನ್ನನ್ನು ಇಷ್ಟೊಂದು ಏರಿಸುತ್ತದೆ ಎಂದು ಹುಡುಕುತ್ತ ಅವರು ಹಂದಿಯ ಮೇದೋಜೀರಕದಲ್ಲಿ ಇದೇ ತುಂಡಿನ ಕೆಲಸ ಕಂಡರು. ಅದೂ 1987ರಲ್ಲೇ. ಅದೇ ವರ್ಷ ಲಂಡನ್ನಿನಲ್ಲಿ ಸ್ಟೀಫನ್ ಬ್ಲೂಮ್ ಅವರ ತಂಡ ಮನುಷ್ಯರಿಗೇ ಹಾರ್ಮೋನು ಕೊಟ್ಟು ನೋಡಿತು.

ವೈದ್ಯರಿಗೆ ಖುಷಿ ತಂದ ಗುಣ ಬೇರೆಯೇ ಇತ್ತು. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದಾಗ ಮಾತ್ರ ಜಿಎಲ್‌ಪಿ-1 ಇನ್ಸುಲಿನ್ ಬಿಡಿಸುತ್ತದೆ, ಸಕ್ಕರೆ ಇಳಿದಾಗ ಸುಮ್ಮನಾಗುತ್ತದೆ. ಇನ್ಸುಲಿನ್ ಚುಚ್ಚಿಕೊಂಡು ಊಟ ತಪ್ಪಿಸಿ, ಬೆವೆತು ಕುಸಿದವರನ್ನು ಕಂಡ ಯಾರಿಗೇ ಆಗಲಿ ಇದರ ಬೆಲೆ ಗೊತ್ತು. ಜೊತೆಗೆ ಅದು ಗ್ಲುಕಗಾನನ್ನು ತಗ್ಗಿಸುತ್ತದೆ, ಹೊಟ್ಟೆ ಖಾಲಿಯಾಗುವ ವೇಗ ತಗ್ಗಿಸುತ್ತದೆ. 1993ರಲ್ಲಿ ಜರ್ಮನಿಯ ಮೈಕೆಲ್ ನೌಕ್ ಮತ್ತು ಸಂಗಡಿಗರು ಟೈಪ್-2 ಮಧುಮೇಹಿಗಳ ರಕ್ತನಾಳಕ್ಕೆ ಇದನ್ನು ಕೆಲವು ತಾಸು ಹನಿಸಿ, ಖಾಲಿ ಹೊಟ್ಟೆಯ ಸಕ್ಕರೆಯನ್ನು ಸಹಜ ಮಟ್ಟಕ್ಕೆ ತಂದರು.

ಹನಿಸಿ ಎಂದೆ. ಸಮಸ್ಯೆ ಇರುವುದೇ ಅಲ್ಲಿ. ಕರುಳಿನಿಂದ ಹೊರಟ ಜಿಎಲ್‌ಪಿ-1 ರಕ್ತದಲ್ಲಿ ಬಾಳುವುದು ಎರಡು ನಿಮಿಷದಷ್ಟು. ಡಿಪಿಪಿ-4 ಎಂಬ ಕಿಣ್ವ ಅದರ ತಲೆಭಾಗದ ಎರಡು ಅಮೈನೊ ಆಮ್ಲಗಳನ್ನು ಕತ್ತರಿಸಿಬಿಡುತ್ತದೆ, ಅಲ್ಲಿಗೆ ಹಾರ್ಮೋನಿನ ಕತೆ ಮುಗಿಯಿತು. ದೇಹಕ್ಕೆ ಅದು ಸರಿಯೇ. ಊಟದ ಸುದ್ದಿ ಊಟ ಮುಗಿಯುವವರೆಗೆ ಇದ್ದರೆ ಸಾಕು. ಔಷಧಕ್ಕೆ ಸಾಲದು. ದಿನವಿಡೀ ಸಲೈನು ಕಂಬಕ್ಕೆ ಕಟ್ಟಿಕೊಂಡು ಬದುಕಲು ಯಾರು ಒಪ್ಪುತ್ತಾರೆ? 1990ರ ಸುಮಾರಿಗೆ ಫೈಜರ್ ಕಂಪನಿ ಜಿಎಲ್‌ಪಿ-1ರ ಮೇಲೆ ಸಂಶೋಧನೆಗೆ ಹಣ ಹಾಕಿ, ಇನ್ಸುಲಿನ್ ಇರುವಾಗ ಇನ್ನೊಂದು ಚುಚ್ಚುಮದ್ದನ್ನು ಮಧುಮೇಹಿಗಳು ಕೊಳ್ಳಲಾರರೆಂದು ಕೈಬಿಟ್ಟಿತು. ವ್ಯಾಪಾರದ ಇತಿಹಾಸದಲ್ಲಿ ಇದಕ್ಕಿಂತ ದುಬಾರಿ ವಿವೇಕ ಹೆಚ್ಚಿಲ್ಲ.

ಒಂದು ಅಡ್ಡದಾರಿಯೂ ಹುಟ್ಟಿತು. ಹಾರ್ಮೋನನ್ನು ಕತ್ತರಿಸುವ ಕಿಣ್ವವನ್ನೇ ತಡೆದರೆ? ಹಾಗೆ ಬಂದವು ಗ್ಲಿಪ್ಟಿನ್ ಮಾತ್ರೆಗಳು. ಮೊದಲನೆಯದಾದ ಸಿಟಾಗ್ಲಿಪ್ಟಿನ್‌ಗೆ ಅಮೆರಿಕದಲ್ಲಿ 2006ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ವಿಲ್ಡಾಗ್ಲಿಪ್ಟಿನ್, ಸಿಟಾಗ್ಲಿಪ್ಟಿನ್ ಸ್ಟ್ರಿಪ್ಪುಗಳು ಪೇಟೆಂಟ್ ಮುಗಿದ ಮೇಲೆ ಅಗ್ಗವಾಗಿ ಸಿಗುತ್ತಿವೆ. ಬೆಳಗ್ಗೆ ಅದನ್ನು ನುಂಗುವ ಎಷ್ಟೋ ಜನರಿಗೆ ತಾವು ಈಗಾಗಲೇ ಈ ಕತೆಯ ಒಳಗಿದ್ದೇವೆಂದು ತಿಳಿದಿರಲಿಕ್ಕಿಲ್ಲ. ಈ ಮಾತ್ರೆಗಳು ಸಕ್ಕರೆಯನ್ನು ಹದವಾಗಿ ಇಳಿಸುತ್ತವೆ. ತೂಕದ ಮೇಲೆ ಅವುಗಳ ಪ್ರಭಾವ ಇಲ್ಲವೆನ್ನುವಷ್ಟು.

ಕಿಣ್ವಕ್ಕೆ ಮಣಿಯದ ಹಾರ್ಮೋನು ಸಿಕ್ಕಿದ್ದು ಮರುಭೂಮಿಯ ಹಲ್ಲಿಯ ಬಾಯಲ್ಲಿ. ಅಮೆರಿಕದ ನೈರುತ್ಯ ಭಾಗದಲ್ಲೂ ಮೆಕ್ಸಿಕೊದಲ್ಲೂ ಇರುವ ಗಿಲಾ ಮಾನ್‌ಸ್ಟರ್ ಕಪ್ಪು-ಕಿತ್ತಳೆ ಬಣ್ಣದ, ಮಣಿ ಹೊಲಿದಂಥ ಚರ್ಮದ, ನಿಧಾನ ನಡಿಗೆಯ ಪ್ರಾಣಿ. ವರ್ಷಕ್ಕೆ ಕೆಲವೇ ಸಲ ಹೊಟ್ಟೆ ತುಂಬ ತಿನ್ನುತ್ತದೆ. ಅದರ ವಿಷ ಮೇದೋಜೀರಕವನ್ನು ಕೆರಳಿಸುತ್ತದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು 1980ರ ದಶಕದಲ್ಲೇ ಗಮನಿಸಿದ್ದರು. ಆ ಬರಹ ಓದಿದವರಲ್ಲಿ ಜಾನ್ ಎಂಗ್ ಒಬ್ಬರು. ಬ್ರಾಂಕ್ಸ್‌ನ ಅದೇ ಮಾಜಿ ಸೈನಿಕರ ಆಸ್ಪತ್ರೆಯ ವೈದ್ಯ, ಯಾಲೋ ಜೊತೆ ಕೆಲಸ ಕಲಿತವರು. ಹೊಸ ಹಾರ್ಮೋನು ಹುಡುಕುವುದು ಅವರ ಹವ್ಯಾಸವೂ ಹೌದು, ಹಟವೂ ಹೌದು. ಅಂಚೆಯಲ್ಲಿ ತರಿಸಿಕೊಂಡ ಒಣ ವಿಷದ ಪುಡಿಯಿಂದ ಅವರು 39 ಅಮೈನೊ ಆಮ್ಲಗಳ ಎಕ್ಸೆಂಡಿನ್-4 ಎಂಬ ಪೆಪ್ಟೈಡ್ ಬೇರ್ಪಡಿಸಿ 1992ರಲ್ಲಿ ಪ್ರಕಟಿಸಿದರು. ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ನಮ್ಮ ಜಿಎಲ್‌ಪಿ-1ನ್ನೇ ಹೋಲುತ್ತಿತ್ತು, ಕೋಶದ ಮೇಲಿನ ಅದೇ ಗ್ರಾಹಕಕ್ಕೆ ಹೋಗಿ ಅಂಟುತ್ತಿತ್ತು. ವ್ಯತ್ಯಾಸ ತಲೆಭಾಗದಲ್ಲಿ: ಕಿಣ್ವ ಕತ್ತರಿಸುವ ಜಾಗದಲ್ಲಿ ನಮಗೆ ಅಲನಿನ್ ಇದ್ದರೆ ಹಲ್ಲಿಗೆ ಗ್ಲೈಸಿನ್ ಇದೆ. ಆ ಒಂದು ಅದಲುಬದಲಿನಿಂದ ಕತ್ತರಿ ಹಿಡಿಯುವುದಿಲ್ಲ. ಔಷಧ ತಾಸುಗಟ್ಟಲೆ ಉಳಿಯುತ್ತದೆ.

ಎಂಗ್ ಪೇಟೆಂಟ್ ಮಾಡಿಸಲು ಮಾಜಿ ಸೈನಿಕರ ಇಲಾಖೆಯನ್ನು ಕೇಳಿದರು. ಇದು ಮಾಜಿ ಸೈನಿಕರಿಗೆ ವಿಶೇಷವಾಗಿ ಸಂಬಂಧಿಸಿದ್ದಲ್ಲ ಎಂದು ಇಲಾಖೆ ಕೈತೊಳೆದುಕೊಂಡಿತು. ಅವರು ಸ್ವಂತ ದುಡ್ಡಿನಲ್ಲಿ ಪೇಟೆಂಟ್ ಮಾಡಿಸಿ, ಸಮ್ಮೇಳನಗಳಲ್ಲಿ ಪೋಸ್ಟರ್ ಅಂಟಿಸಿಕೊಂಡು ನಿಂತರು. ಕೊನೆಗೆ 1996ರಲ್ಲಿ ಸ್ಯಾನ್ ಡಿಯಾಗೊದ ಅಮೈಲಿನ್ ಎಂಬ ಸಣ್ಣ ಕಂಪನಿ ಅದನ್ನು ಪಡೆಯಿತು. ಮುಂದೆ ಎಲೈ ಲಿಲ್ಲಿ ಕೈಜೋಡಿಸಿತು. 2005ರ ಏಪ್ರಿಲ್‌ನಲ್ಲಿ ಬಯೆಟಾ ಎಂಬ ಹೆಸರಿನಲ್ಲಿ, ದಿನಕ್ಕೆ ಎರಡು ಸಲ ಚುಚ್ಚಿಕೊಳ್ಳುವ ಔಷಧವಾಗಿ, ಅದಕ್ಕೆ ಒಪ್ಪಿಗೆ ಸಿಕ್ಕಿತು. ಈ ಬಳಗದ ಮೊದಲ ಔಷಧ ಇದೇ. ಚುಚ್ಚಿಕೊಂಡ ಮಧುಮೇಹಿಗಳಲ್ಲಿ ಸಕ್ಕರೆಯ ಜೊತೆ ತೂಕವೂ ಕೆಲವು ಕಿಲೋ ಇಳಿಯುತ್ತಿತ್ತು.

ತೂಕ ಇಳಿಯುವುದು ಅನಿರೀಕ್ಷಿತವೇನೂ ಆಗಿರಲಿಲ್ಲ. ಬ್ಲೂಮ್ ಅವರ ತಂಡ 1996ರಲ್ಲೇ ಇಲಿಗಳ ಮಿದುಳಿಗೆ ಜಿಎಲ್‌ಪಿ-1 ಕೊಟ್ಟು, ಅವು ತಿನ್ನುವುದನ್ನು ನಿಲ್ಲಿಸುವುದನ್ನು ತೋರಿಸಿತ್ತು. ಆದರೂ ಹತ್ತಿಪ್ಪತ್ತು ವರ್ಷ ಕಂಪನಿಗಳೆಲ್ಲ ಬೊಜ್ಜಿನ ಔಷಧ ಎಂದು ಬಾಯಿಬಿಟ್ಟು ಹೇಳಲು ಹಿಂದೆಮುಂದೆ ನೋಡಿದವು. ಕಾರಣ ಆ ಮಾರುಕಟ್ಟೆಯ ಹಳೆಯ ಪಾಪಗಳು. 1930ರ ದಶಕದಲ್ಲಿ ಸ್ಫೋಟಕ ತಯಾರಿಕೆಯಲ್ಲಿ ಬಳಸುತ್ತಿದ್ದ ಡೈನೈಟ್ರೊಫಿನಾಲನ್ನು ಜನ ತೂಕ ಇಳಿಸಲು ನುಂಗಿದರು. ಮೈ ಕಾವೇರಿ ಕೆಲವರು ಸತ್ತರು, ಕೆಲವರಿಗೆ ಕಣ್ಣಿನ ಪೊರೆ ಬಂತು. ಆಮೇಲೆ ಆಂಫೆಟಮಿನ್ ಬಂತು, ಚಟ ಹಿಡಿಸಿತು. 1997ರಲ್ಲಿ ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸುತ್ತದೆಂದು ತಿಳಿದು ಮಾರುಕಟ್ಟೆಯಿಂದ ಹಿಂದೆ ಹೋಯಿತು. ಸಿಬುಟ್ರಮಿನ್ ಭಾರತದಲ್ಲೂ ಮಾರಾಟವಾಗಿ 2011ರಲ್ಲಿ ನಿಷೇಧವಾಯಿತು. ಇದಕ್ಕಿಂತ ಆಳವಾದ ಕಾರಣವೂ ಒಂದಿತ್ತು. ಮಧುಮೇಹ ರೋಗ, ಬೊಜ್ಜು ಬಾಯಿಚಪಲ ಎಂಬುದು ಕೇವಲ ಓಣಿಯ ಮಾತಾಗಿರಲಿಲ್ಲ, ಕಂಪನಿಯ ಸಭೆಗಳಲ್ಲೂ ವೈದ್ಯರ ಕೋಣೆಯಲ್ಲೂ ಒಪ್ಪಿತವಾಗಿದ್ದ ತೀರ್ಪಾಗಿತ್ತು.

ಅದನ್ನು ಒಪ್ಪದವರಲ್ಲಿ ಲೊಟ್ಟೆ ಬ್ಯೆರ್ರೆ ಕ್ನುಡ್‌ಸನ್ ಮುಖ್ಯರು. 1989ರಲ್ಲಿ ಬಟ್ಟೆ ಒಗೆಯುವ ಪುಡಿಗೆ ಹಾಕುವ ಕಿಣ್ವಗಳ ಕೆಲಸಕ್ಕೆಂದು ನೋವೊ ಸೇರಿದ ಅವರು ಮಧುಮೇಹ ವಿಭಾಗಕ್ಕೆ ಬಂದು ಜಿಎಲ್‌ಪಿ-1 ಹಿಡಿದರು, ಬಿಡಲಿಲ್ಲ. ಅವರ ತಂಡದ ಉಪಾಯ ಹೀಗಿತ್ತು: ಹಾರ್ಮೋನಿಗೆ ಒಂದು ಕೊಬ್ಬಿನಾಮ್ಲದ ಬಾಲ ಅಂಟಿಸುವುದು. ರಕ್ತದಲ್ಲಿ ಆಲ್ಬುಮಿನ್ ಎಂಬ ದೊಡ್ಡ ಪ್ರೋಟೀನು ಸದಾ ಸುತ್ತುತ್ತಿರುತ್ತದೆ, ಕೊಬ್ಬಿನಾಮ್ಲಗಳನ್ನು ಹೊತ್ತೊಯ್ಯುವುದು ಅದರ ಕಸುಬು. ತುಂಬಿದ ಬಸ್ಸಿನ ಹಿಂದಿನ ಏಣಿಗೆ ಜೋತುಬಿದ್ದು ಊರು ಸೇರುವ ಹುಡುಗರಂತೆ ಔಷಧ ಆಲ್ಬುಮಿನ್‌ಗೆ ಜೋತುಬೀಳುತ್ತದೆ. ಕಿಣ್ವಕ್ಕೂ ಸುಲಭವಾಗಿ ಸಿಗುವುದಿಲ್ಲ, ಮೂತ್ರಪಿಂಡದಲ್ಲೂ ಸೋರಿಹೋಗುವುದಿಲ್ಲ. ಹೀಗೆ ತಯಾರಾದ ಲಿರಾಗ್ಲುಟೈಡ್‌ನ ಅರ್ಧಾಯುಷ್ಯ 13 ತಾಸು. ದಿನಕ್ಕೊಂದು ಚುಚ್ಚು ಸಾಕು. 2009ರಲ್ಲಿ ಯುರೋಪಿನಲ್ಲಿ ಮಧುಮೇಹಕ್ಕೆ, 2014ರ ಕೊನೆಗೆ ಅಮೆರಿಕದಲ್ಲಿ ಬೊಜ್ಜಿಗೆ ಒಪ್ಪಿಗೆ ಬಂತು. ಇದು ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳನ್ನು ಒಟ್ಟಾರೆ 13 ಶೇಕಡಾ ತಗ್ಗಿಸುತ್ತದೆಂದು 9,340 ಮಧುಮೇಹಿಗಳ ಮೇಲಿನ ಪರೀಕ್ಷೆ 2016ರಲ್ಲಿ ತೋರಿಸಿತು. ಅದಕ್ಕೆ ಸ್ವಲ್ಪ ಮೊದಲಿನವರೆಗೂ ಸಕ್ಕರೆ ಇಳಿಸುವ ಔಷಧಗಳಿಗೆ ಹೃದಯ ಕೆಡಿಸದಿದ್ದರೆ ಸಾಕು ಎಂಬಷ್ಟೇ ನಿರೀಕ್ಷೆ.

ಬಾಲವನ್ನು ಇನ್ನಷ್ಟು ಉದ್ದ ಮಾಡಿ, ಕಿಣ್ವ ಕತ್ತರಿಸುವ ಜಾಗದ ಅಮೈನೊ ಆಮ್ಲ ಬದಲಿಸಿದಾಗ ಸೆಮಾಗ್ಲುಟೈಡ್ ಆಯಿತು. ಎರಡು ನಿಮಿಷದ ಹಾರ್ಮೋನಿಗೆ ಈಗ ಒಂದು ವಾರದ ಅರ್ಧಾಯುಷ್ಯ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಲ್ಲಿ ಮಧುಮೇಹಕ್ಕೆ ಓಜೆಂಪಿಕ್ ಎಂದು ಬಂತು. 2019ರಲ್ಲಿ ಅದೇ ಔಷಧ ರೈಬೆಲ್ಸಸ್ ಮಾತ್ರೆಯಾಯಿತು. ಜಠರದಲ್ಲಿ ಹೀರಿಕೊಳ್ಳಲು ನೆರವಾಗುವ ವಸ್ತುವನ್ನು ಸೇರಿಸಿದರೂ ನುಂಗಿದ್ದರಲ್ಲಿ ಶೇಕಡಾ ಒಂದರಷ್ಟು ಮಾತ್ರ ರಕ್ತ ಸೇರುತ್ತದೆ. ಅದಕ್ಕೂ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಅರ್ಧ ಲೋಟ ನೀರಿನಲ್ಲಿ ನುಂಗಿ ಅರ್ಧ ತಾಸು ಏನೂ ಮುಟ್ಟಬಾರದು. ಲಿವರ್‌ಪೂಲಿನ ಮೂರ್ ಮಾಡಿದ ಮೊದಲ ಪ್ರಯತ್ನಕ್ಕೂ ಇದಕ್ಕೂ ನಡುವೆ 113 ವರ್ಷ. ಹಾಸಿಗೆಯಿಂದೆದ್ದು ಫಿಲ್ಟರ್ ಕಾಫಿಯ ಕಡೆಗೆ ನಡೆಯುವ ನಮ್ಮವರಿಗೆ ಈ ಅರ್ಧ ತಾಸೇ ಔಷಧದ ಅತಿ ಕಠಿಣ ಅಡ್ಡಪರಿಣಾಮವೆಂದು ಕಂಡೀತು.

2021ರಲ್ಲಿ ಪ್ರಕಟವಾದ ಪರೀಕ್ಷೆ ಎಲ್ಲವನ್ನೂ ತಲೆಕೆಳಗು ಮಾಡಿತು. ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ 1,961 ಜನ, 68 ವಾರ. ವಾರಕ್ಕೆ 2.4 ಮಿಲಿಗ್ರಾಂ ಸೆಮಾಗ್ಲುಟೈಡ್ ಪಡೆದವರ ತೂಕ ಸರಾಸರಿ 14.9 ಶೇಕಡಾ ಇಳಿಯಿತು, ಹುಸಿ ಔಷಧ ಪಡೆದವರದು 2.4 ಶೇಕಡಾ. ಶಸ್ತ್ರಚಿಕಿತ್ಸೆ ಬಿಟ್ಟರೆ ಇಂಥ ಅಂಕಿಯನ್ನು ಯಾರೂ ಕಂಡಿರಲಿಲ್ಲ. ಆ ಜೂನ್‌ನಲ್ಲಿ ವೆಗೋವಿ ಎಂಬ ಹೆಸರಿನಲ್ಲಿ ಬೊಜ್ಜಿಗೆಂದೇ ಒಪ್ಪಿಗೆ ಸಿಕ್ಕಿತು. ಮಾರನೆಯ ವರ್ಷ ಎಲೈ ಲಿಲ್ಲಿಯ ಟಿರ್ಜೆಪಟೈಡ್ ಬಂತು, ಮೌಂಜಾರೊ ಎಂಬ ಹೆಸರಿನಲ್ಲಿ. ಅದು ಜಿಎಲ್‌ಪಿ-1ರ ಜೊತೆಗೆ, ಒಮ್ಮೆ ಕೆಲಸಕ್ಕೆ ಬಾರದ್ದೆಂದು ಬದಿಗಿಟ್ಟಿದ್ದ ಜಿಐಪಿಯ ಗ್ರಾಹಕಕ್ಕೂ ಅಂಟುತ್ತದೆ. ಗರಿಷ್ಠ ಪ್ರಮಾಣದಲ್ಲಿ 72 ವಾರಕ್ಕೆ 20.9 ಶೇಕಡಾ ತೂಕ ಇಳಿಯಿತು. ಔಷಧ ಪಡೆದವರು ಹೇಳುತ್ತಿದ್ದುದು ಹಸಿವು ಕಡಿಮೆಯಾದ ವಿಷಯವನ್ನಷ್ಟೇ ಅಲ್ಲ. ಮುಂದಿನ ತಿಂಡಿ ಏನು, ಡಬ್ಬಿಯಲ್ಲಿ ಏನು ಉಳಿದಿದೆ ಎಂದು ತಲೆಯಲ್ಲಿ ಸದಾ ನಡೆಯುತ್ತಿದ್ದ ಗದ್ದಲ ನಿಂತಿತು ಎನ್ನುತ್ತಿದ್ದರು. ಬಾಯಿಚಪಲ ಎಂಬ ಹಳೆಯ ತೀರ್ಪಿಗೆ ಬಿದ್ದ ಏಟು ಪರೀಕ್ಷೆಯ ಅಂಕಿಗಿಂತ ಹೆಚ್ಚಾಗಿ ಈ ಮಾತುಗಳಿಂದ ಎಂದು ನನಗನ್ನಿಸುತ್ತದೆ.

ಮುಂದಿನದು ಪತ್ರಿಕೆ ಓದುವವರಿಗೆಲ್ಲ ಗೊತ್ತು. ಸಿನಿಮಾ ತಾರೆಯರು, ರೀಲ್ಸ್, ಔಷಧದ ಕೊರತೆ, ಮಧುಮೇಹಿಗಳಿಗೇ ಸಿಗದ ಸ್ಥಿತಿ, ನಕಲಿ ಪೆನ್ನುಗಳು. 2023ರಲ್ಲಿ ನೋವೊ ನಾರ್ಡಿಸ್ಕ್‌ನ ಷೇರುಗಳ ಒಟ್ಟು ಬೆಲೆ ಡೆನ್ಮಾರ್ಕ್ ದೇಶದ ವಾರ್ಷಿಕ ಉತ್ಪನ್ನವನ್ನೇ ಮೀರಿತು. ಅದೇ ವರ್ಷ, ಹೃದ್ರೋಗವಿದ್ದೂ ಮಧುಮೇಹವಿಲ್ಲದ 17,604 ಸ್ಥೂಲಕಾಯರ ಪರೀಕ್ಷೆಯಲ್ಲಿ ಸೆಮಾಗ್ಲುಟೈಡ್ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವುಗಳನ್ನು 20 ಶೇಕಡಾ ತಗ್ಗಿಸಿತು.

ಬೆಲೆಯಿಲ್ಲದೆ ಬಂದ ವರವೇನೂ ಅಲ್ಲ. ಓಕರಿಕೆ, ವಾಂತಿ, ಭೇದಿ, ಮಲಬದ್ಧತೆ ಸಾಮಾನ್ಯ. ಪಿತ್ತಕೋಶದ ಕಲ್ಲು ಬರಬಹುದು, ಅಪರೂಪಕ್ಕೆ ಮೇದೋಜೀರಕ ಊದಬಹುದು. ಇಲಿಗಳಲ್ಲಿ ಥೈರಾಯ್ಡ್ ಗೆಡ್ಡೆ ಕಂಡಿದ್ದರಿಂದ, ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಕುಟುಂಬದಲ್ಲಿರುವವರಿಗೆ ಕೊಡುವುದಿಲ್ಲ. ಸಕ್ಕರೆ ಬಹುಬೇಗ ಇಳಿದಾಗ ಮೊದಲೇ ಹಾನಿಯಾಗಿದ್ದ ಕಣ್ಣಿನ ಅಕ್ಷಿಪಟಲ ಹದಗೆಟ್ಟ ಉದಾಹರಣೆಗಳಿವೆ. ಇಳಿಯುವ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ನಿಲ್ಲಿಸಿದರೆ? ಆ 68 ವಾರಗಳ ಪರೀಕ್ಷೆಯ ಕೆಲವರನ್ನು ಔಷಧ ಬಿಟ್ಟ ಒಂದು ವರ್ಷದ ಬಳಿಕ ತೂಗಿದಾಗ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ಮರಳಿ ಬಂದಿತ್ತು. ರಕ್ತದೊತ್ತಡದ ಮಾತ್ರೆಯಂತೆ ಇದೂ ಬಹುಮಟ್ಟಿಗೆ ಜೀವನಪರ್ಯಂತದ ಔಷಧ.

ಪ್ರಶಸ್ತಿಗಳ ಕತೆ ಅಷ್ಟು ಚೆಂದವಿಲ್ಲ. 2021ರ ಕೆನಡಾದ ಗೇರ್ಡ್ನರ್ ಪ್ರಶಸ್ತಿ ಹ್ಯಾಬೆನರ್, ಹೋಲ್ಸ್ಟ್, ಡ್ರಕರ್ ಅವರಿಗೆ ಬಂತು. ಅಸಲಿ ತುಂಡು ಯಾವುದೆಂದು ಗುರುತಿಸಿ ತನ್ನ ಕೈಯಾರೆ ಕಟ್ಟಿದ ಮೊಯ್ಸೊವ್ ಹೆಸರು ಎಲ್ಲೂ ಇರಲಿಲ್ಲ. ಮೊದಲ ಪೇಟೆಂಟುಗಳಲ್ಲೂ ಹ್ಯಾಬೆನರ್ ಒಬ್ಬರ ಹೆಸರೇ ಇತ್ತು. ವಕೀಲರನ್ನಿಟ್ಟು ವರ್ಷಗಟ್ಟಲೆ ಹೋರಾಡಿ ಮೊಯ್ಸೊವ್ ಕೆಲವು ಪೇಟೆಂಟುಗಳಲ್ಲಿ ಜಾಗ ಪಡೆದಿದ್ದರು. 2023ರಲ್ಲಿ ಸೈನ್ಸ್ ಪತ್ರಿಕೆ ಅವರ ಕತೆಯನ್ನು ವಿವರವಾಗಿ ಬರೆದ ಮೇಲೆ ಗಾಳಿ ತಿರುಗಿತು. 2024ರ ಲಾಸ್ಕರ್ ಪ್ರಶಸ್ತಿ ಹ್ಯಾಬೆನರ್, ಮೊಯ್ಸೊವ್, ಕ್ನುಡ್‌ಸನ್ ಮೂವರಿಗೂ ಬಂತು. ಹಲ್ಲಿಯ ವಿಷದಿಂದ ಈ ಬಳಗದ ಮೊದಲ ಔಷಧಕ್ಕೆ ಬೀಜ ಹಾಕಿದ ಎಂಗ್ ಆ ಪಟ್ಟಿಯಲ್ಲಿ ಇರಲಿಲ್ಲ.

ಭಾರತಕ್ಕೆ ಈ ಅಲೆ ತಡವಾಗಿ ಬಂತು. ರೈಬೆಲ್ಸಸ್ 2022ರಲ್ಲಿ, ಮೌಂಜಾರೊ 2025ರ ಮಾರ್ಚ್‌ನಲ್ಲಿ, ವೆಗೋವಿ ಅದೇ ವರ್ಷದ ಜೂನ್‌ನಲ್ಲಿ, ಓಜೆಂಪಿಕ್ ಡಿಸೆಂಬರ್‌ನಲ್ಲಿ. ಮೌಂಜಾರೊದ 2.5 ಮಿಲಿಗ್ರಾಂನ ಒಂದು ಬಾಟಲಿಗೆ ಆರಂಭದ ಬೆಲೆ 3,500 ರೂಪಾಯಿ, ಅದು ಒಂದು ವಾರದ ಖರ್ಚು. ಐಸಿಎಂಆರ್ ನಡೆಸಿದ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಅಂದಾಜಿಸಿದಂತೆ ಇಲ್ಲಿ ಮಧುಮೇಹಿಗಳೇ 10.1 ಕೋಟಿ. ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಇದ್ದುದರಿಂದ ದೇಶದ ಔಷಧ ಕಂಪನಿಗಳೆಲ್ಲ ಆ ದಿನಾಂಕದ ಮೇಲೆ ಕಣ್ಣಿಟ್ಟೇ ತಯಾರಿ ನಡೆಸಿದವು. ಇನ್ಸುಲಿನ್ ತಯಾರಿಸಿ ಪಳಗಿದ ಬೆಂಗಳೂರಿನ ಬಯೋಕಾನ್ ಅದಕ್ಕೂ ಮೊದಲೇ ಲಿರಾಗ್ಲುಟೈಡ್‌ನ ಜೆನೆರಿಕ್ ರೂಪಕ್ಕೆ 2024ರಲ್ಲಿ ಬ್ರಿಟನ್ನಿನ ಒಪ್ಪಿಗೆ ಪಡೆದಿತ್ತು. ಬೇಲಿಸ್ ಮತ್ತು ಸ್ಟಾರ್ಲಿಂಗರ ದೇಶಕ್ಕೆ ಕರುಳಿನ ಹಾರ್ಮೋನು ಬೆಂಗಳೂರಿನಿಂದ ಹೋಗುವಂತಾಯಿತು.

ಬೆಲೆ ಇಳಿದರೂ ನಮ್ಮ ಮೈಕಟ್ಟಿನ ಪ್ರಶ್ನೆ ಉಳಿಯುತ್ತದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿದ್ದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ ಒಂದೇ, 22.3. ಮೈಯಲ್ಲಿನ ಕೊಬ್ಬು ಯುಡ್ಕಿನ್‌ಗೆ 9.1 ಶೇಕಡಾ, ಯಾಜ್ಞಿಕ್‌ಗೆ 21.2. ನೋಡಲು ತೆಳ್ಳಗಿದ್ದು ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ ಇರುವ ಈ ದೇಹಕ್ಕೆ, ದಪ್ಪ ಮೈಯ ಅಮೆರಿಕನ್ನರು ಮತ್ತು ಯುರೋಪಿಯನ್ನರೇ ಹೆಚ್ಚಾಗಿದ್ದ ಪರೀಕ್ಷೆಗಳ ಲೆಕ್ಕ ಹಾಗೆಯೇ ಹೊಂದುತ್ತದೆಯೇ ಎಂಬುದನ್ನು ಇಲ್ಲಿಯ ವೈದ್ಯರು ಇಲ್ಲಿಯ ರೋಗಿಗಳನ್ನು ನೋಡಿಯೇ ಕಲಿಯಬೇಕಾಗಿದೆ. ಅದಕ್ಕೇ ಅನುಭವಿಗಳು ಚುಚ್ಚುಮದ್ದು ಬರೆಯುವಾಗ ಬೇಳೆ, ಮೊಟ್ಟೆ, ಮೊಸರಿನ ಲೆಕ್ಕವನ್ನೂ ಭಾರ ಎತ್ತುವ ವ್ಯಾಯಾಮವನ್ನೂ ಅದೇ ಚೀಟಿಯಲ್ಲಿ ಬರೆಯುತ್ತಾರೆ. ವೆಗೋವಿಯ ಮೊದಲ ನಾಲ್ಕು ವಾರಗಳ ಪ್ರಮಾಣ ವಾರಕ್ಕೆ 0.25 ಮಿಲಿಗ್ರಾಂ ಮಾತ್ರ. ಅದು ತೂಕ ಇಳಿಸಲಿಕ್ಕಲ್ಲ, ಹೊಟ್ಟೆಯನ್ನು ಒಗ್ಗಿಸಲಿಕ್ಕೆ. ಅಲ್ಲಿಂದ 2.4ಕ್ಕೆ ಏರಲು ನಾಲ್ಕು ತಿಂಗಳು ಬೇಕು. ಜಿಮ್ಮಿನ ಗೆಳೆಯನ ಮಾತು ಕೇಳಿ ಮೊದಲ ವಾರವೇ ದೊಡ್ಡ ಡೋಸು ಚುಚ್ಚಿಕೊಂಡವರು ನಿಲ್ಲದ ವಾಂತಿಯಿಂದ ಡ್ರಿಪ್ ಹಾಕಿಸಿಕೊಳ್ಳಬೇಕಾಗಬಹುದು.